ಚಿತ್ರದ ಚೋಮನೂ ಅಂಗಳದ ಚೋಮನೂ

‘ಪಾತ್ರ’ವೆಂಬ ಶಬ್ದಕ್ಕೆ ಅರ್ಥಗಳು ಹಲವು. ಹಾಲನ್ನಾಗಲಿ ನೀರನ್ನಾಗಲಿ ತುಂಬಿಡುವ ಉಪಕರಣವು ಪಾತ್ರ. ಹೊಳೆಯು ಹರಿದುಹೋಗುವ ಎಡೆಯು ಪಾತ್ರ. ದಾನಕ್ಕೆ ಅರ್ಹನಾದವನು ಪಾತ್ರ. ನಾಟಕ, ಕಾದಂಬರಿ, ಚಲನಚಿತ್ರಗಳಲ್ಲಿ ಬರುವ ಕಲ್ಪಿತ ವ್ಯಕ್ತಿಯೂ ಪಾತ್ರವೇ. ಈ ಅರ್ಥಗಳನ್ನೆಲ್ಲ ಹೆಣೆದಿರುವ ಎಳೆಯೊಂದಿದೆ. ತನ್ನೊಳಗೆ ಬೇರೊಂದನ್ನು ಧರಿಸಿಕೊಳ್ಳುವುದೇ ಪಾತ್ರದ ಧರ್ಮ. ಲೋಕದಲ್ಲಿ ಕಂಡ ಸುಖದುಃಖಗಳನ್ನು ಕೃತಿಕಾರನು ಒಂದು ಕಲ್ಪಿತ ಜೀವದಲ್ಲಿ ತುಂಬಿ ವಾಚಕನ ಕೈಗೆ ನೀಡುತ್ತಾನೆ. ವಾಚಕನು ಅದನ್ನು ಪಾನಮಾಡುತ್ತಾನೆ. ಹಾಗೆ ಪಾನಮಾಡಿದುದು ಅವನ ಮೈಗೆ ಹತ್ತಿ ನಡತೆಯಾಗುವುದೋ, ನಾಲಗೆಯ ಮೇಲಣ ರುಚಿಯಾಗಿ ಮಾತ್ರ ಉಳಿದು ಮರುಗಳಿಗೆಗೆ ಮರೆತುಹೋಗುವುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹಿಂದೆ ವರುಷಕ್ಕೊಮ್ಮೆ ಜಾತ್ರೆಯಲ್ಲಿ ಬಯಲಾಟವನ್ನೋ ಕಂಪನಿಯ ನಾಟಕವನ್ನೋ ನೋಡುತ್ತಿದ್ದ ಗೃಹಸ್ಥನು ಇಂದು ದಿನವೂ ಮನೆಯೊಳಗೆ ಕುಳಿತು ಟಿ.ವಿ.ಯಲ್ಲಿ, ಅಂಗೈಯಗಲದ ಫೋನಿನಲ್ಲಿ ಕಥೆಗಳನ್ನು ನೋಡುತ್ತಾನೆ. ಒಂದು ವಾರದೊಳಗೆ ಅವನ ಕಣ್ಣೆದುರಿನಲ್ಲಿ ಎಷ್ಟೋ ಮಂದಿ ದೀನರು ಬಡಿಸಿಕೊಳ್ಳುತ್ತಾರೆ, ಎಷ್ಟೋ ಮಂದಿ ತಾಯಂದಿರು ಗೋಳಿಡುತ್ತಾರೆ. ಅವನ ಕಣ್ಣೂ ಒದ್ದೆಯಾಗುತ್ತದೆ. ಇಷ್ಟು ಕಣ್ಣೀರು ಹರಿದ ನಾಡಿನಲ್ಲಿ ದಯೆಯ ಬೆಳೆ ಹುಲುಸಾಗಿ ಬೆಳೆದಿರಬೇಕಾಗಿತ್ತು. ಹಾಗೆ ಬೆಳೆದಿದೆಯೆ? ಬೆಳೆಯದಿದ್ದರೆ ಆ ನೀರೆಲ್ಲ ಎಲ್ಲಿ ಹರಿದುಹೋಯಿತು? ಇದನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ಕೃತಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಯುಕ್ತ. ಅದಕ್ಕೆ ಶಿವರಾಮ ಕಾರಂತರ ‘ಚೋಮನ ದುಡಿ’ಯಷ್ಟು ತಕ್ಕ ಕೃತಿ ಮತ್ತೊಂದು ದೊರೆಯುವುದು ಕಷ್ಟ. ಅದು ಕಾದಂಬರಿಯಾಗಿಯೂ ಚಲನಚಿತ್ರವಾಗಿಯೂ ಕನ್ನಡಿಗರ ಹೃದಯವನ್ನು ಎರಡು ಸಲ ಕಲಕಿದ ಕಥೆ.

ಕಾದಂಬರಿಯು ಪ್ರಕಟವಾದುದು 1933ರಲ್ಲಿ. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ವು ತೆರೆಕಂಡದ್ದು ಅದರ ಮರುವರುಷ. ನಾಲ್ವತ್ತೆರಡು ವರುಷಗಳ ತರುವಾಯ, 1975ರಲ್ಲಿ, ಬಿ. ವಿ. ಕಾರಂತರು ಅದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು. ಆ ವರುಷದ ಅತ್ಯುತ್ತಮ ಕಥಾಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವು ದೊರೆಯಿತು. ಚೋಮನಾಗಿ ಅಭಿನಯಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟನೆಂಬ ಪ್ರಶಸ್ತಿಯೂ ಬಂದಿತು.

ಕಥೆಯು ದಕ್ಷಿಣ ಕನ್ನಡದ ಹಳ್ಳಿಯೊಂದರದು. ಚೋಮನು ಅಸ್ಪೃಶ್ಯವೆಂದು ಊರಿನವರು ದೂರವಿಟ್ಟ ಕುಲದಲ್ಲಿ ಹುಟ್ಟಿದವನು, ಧಣಿಯ ಜೀತದಾಳು. ಅವನ ಬಾಳಿನಲ್ಲಿ ಇರುವುದು ಒಂದೇ ಹಂಬಲ. ಒಂದು ತುಂಡು ನೆಲವನ್ನು ಹಿಡಿದು ತಾನೇ ಉತ್ತು ಬಿತ್ತಿ ಬೇಸಾಯಗಾರನೆನ್ನಿಸಿಕೊಳ್ಳಬೇಕು. ಅದಕ್ಕಾಗಿ ಎರಡು ಎತ್ತುಗಳನ್ನು ಸಾಕಿಕೊಂಡಿದ್ದಾನೆ. ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಆದರೆ ಅವನ ಕುಲದವನು ಬೇಸಾಯಗಾರನಾಗುವುದು ರೂಢಿಗೆ ಒಪ್ಪದು. ಕಾಫಿತೋಟದ ಒಡೆಯನಲ್ಲಿ ಮಾಡಿದ ಹಳೆಯ ಸಾಲವು ಬೆಳೆಯುತ್ತದೆ. ಅದನ್ನು ತೀರಿಸಲು ಹೋದ ಹಿರಿಯ ಮಕ್ಕಳಿಬ್ಬರಲ್ಲಿ ಒಬ್ಬನು ರೋಗಕ್ಕೆ ತುತ್ತಾಗುತ್ತಾನೆ. ಇನ್ನೊಬ್ಬನು ಕ್ರೈಸ್ತ ಕನ್ಯೆಯನ್ನು ವರಿಸಿ ಆ ಮತವನ್ನು ಸೇರುತ್ತಾನೆ. ಮಗಳು ಬೆಳ್ಳಿಯು ತೋಟದಲ್ಲಿ ತನ್ನ ಶೀಲವನ್ನು ತೆತ್ತು ಸಾಲವನ್ನು ಹರಿಸಿಕೊಂಡು ಬರುತ್ತಾಳೆ. ಕಿರಿಯ ಮಗನು ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮುಟ್ಟಿದರೆ ಮೈಲಿಗೆಯೆಂದು ಕೈಚಾಚದೆ ನಿಲ್ಲುತ್ತಾರೆ. ಮತಾಂತರಗೊಂಡರೆ ನೆಲ ಸಿಕ್ಕೀತೆಂಬ ಆಸೆಯೊಮ್ಮೆ ಕಂಡರೂ ಚೋಮನು ತನ್ನ ದೈವವನ್ನು ಬಿಡಲಾರದೆ ಹಿಂದಿರುಗುತ್ತಾನೆ. ಕಡೆಗೆ ವಿಧಿಗೆ ಸವಾಲೆಸೆಯುವವನಂತೆ ನೆಲವನ್ನು ಉತ್ತು, ಎತ್ತುಗಳನ್ನು ಕಾಡಿಗಟ್ಟಿ, ಗುಡಿಸಲ ಬಾಗಿಲನ್ನು ಮುಚ್ಚಿಕೊಂಡು ದುಡಿಯನ್ನು ಬಾರಿಸುತ್ತ ಬಾರಿಸುತ್ತ ಪ್ರಾಣವನ್ನು ಬಿಡುತ್ತಾನೆ.

ಈ ಕಥೆಯನ್ನು ಓದಿ, ಈ ಚಿತ್ರವನ್ನು ನೋಡಿ ಮರುಗದವರು ವಿರಳ. ಆದರೆ ಮರುಕವು ಹೇಗೆ ಹುಟ್ಟಿತು, ಯಾವ ಬಗೆಯದು ಎಂಬುದನ್ನು ಬಿಡಿಸಿ ನೋಡಬೇಕು.

ಕಾದಂಬರಿಕಾರರು ಚೋಮನನ್ನು ಸದ್ಗುಣಗಳ ಗಣಿಯನ್ನಾಗಿ ಚಿತ್ರಿಸಲಿಲ್ಲ. ಅವನು ಹೆಂಡವನ್ನು ಕುಡಿಯುತ್ತಾನೆ. ಸಿಟ್ಟಾದಾಗ ವಿವೇಕವನ್ನು ಕಳೆದುಕೊಳ್ಳುತ್ತಾನೆ. ಮನೆಯನ್ನೆಲ್ಲ ತನ್ನ ದುಡಿತದಿಂದ ಹೊತ್ತ ಮಗಳನ್ನೇ ಹೊಡೆದು ಹೊರದೂಡುತ್ತಾನೆ. ಇಷ್ಟಾದರೂ ವಾಚಕನು ಅವನನ್ನು ತೊರೆಯುವುದಿಲ್ಲ. ಇದರಲ್ಲೊಂದು ನೀತಿಯಿದೆ. ಒಬ್ಬನಿಗೆ ನ್ಯಾಯವು ಸಲ್ಲಬೇಕಾದರೆ ಅವನು ಮೊದಲು ಸಂತನಾಗಿರಬೇಕೆಂದು ಕೇಳುವುದು ಅನ್ಯಾಯ. ಉಳ್ಳವನ ಮನೆಯ ಮಗನು ಕುಡಿದು ತೂರಾಡಿದರೂ ಅವನ ಹೊಲವು ಅವನದಾಗಿಯೇ ಉಳಿಯುತ್ತದೆ. ಇಲ್ಲದವನಿಗೆ ಮಾತ್ರ ಒಂದು ಗದ್ದೆಯನ್ನು ಕೊಡುವ ಮುನ್ನ ಅವನ ನಡತೆಯ ಪರೀಕ್ಷೆ ನಡೆಯುತ್ತದೆ. ಚೋಮನನ್ನು ದೋಷಗಳೊಡನೆಯೇ ನಿಲ್ಲಿಸಿದುದರಿಂದ ಕಾರಂತರು ಈ ಪರೀಕ್ಷೆಯ ಮೋಸವನ್ನು ಬಯಲುಮಾಡಿದರು.

ಎರಡನೆಯದಾಗಿ, ಧಣಿಯಾದ ಸಂಕಪ್ಪಯ್ಯನ ಚಿತ್ರಣವನ್ನು ಗಮನಿಸಬೇಕು. ಅವನು ಸ್ವಭಾವತಃ ಕ್ರೂರಿಯಲ್ಲ. ಚೋಮನ ಬೇಡಿಕೆಯನ್ನು ಕೇಳಿದಾಗ ಅವನ ಮನಸ್ಸು ಕರಗದೆ ಇಲ್ಲ. ಆದರೆ ಮನೆಯ ಹಿರಿಯಳಾದ ತಾಯಿಯ ಮಾತು, ಹಿಂದಿನಿಂದ ನಡೆದುಬಂದ ಕಟ್ಟಲೆ, ಊರಿನವರು ಏನೆಂದಾರೋ ಎಂಬ ಅಳುಕು, ಇವು ಕರಗಿದ ಮನಸ್ಸನ್ನು ಮತ್ತೆ ಹೆಪ್ಪುಗಟ್ಟಿಸುತ್ತವೆ. ಇಂಥ ಧಣಿಯನ್ನು ದ್ವೇಷಿಸಿ ಕೈತೊಳೆದುಕೊಳ್ಳಲು ವಾಚಕನಿಗೆ ಸಾಧ್ಯವಾಗುವುದಿಲ್ಲ. ಏಕೆಂದರೆ ಸಂಕಪ್ಪಯ್ಯನು ಪರಿಚಿತನು. ಒಳ್ಳೆಯವನು, ದೈವಭಕ್ತ, ಮೃದುಭಾಷಿ; ಆದರೆ ಒಳ್ಳೆಯತನವು ರೂಢಿಯ ಹೊಸ್ತಿಲನ್ನು ದಾಟುವಷ್ಟು ಬಲವಾಗಿಲ್ಲ. ಅಂಥವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ವಾಚಕನು ಕನ್ನಡಿಯ ಮುಂದೆ ನಿಂತಾಗಲೂ ಕಾಣಸಿಗುತ್ತಾರೆ.

ಸಾಮಾನ್ಯ ಚಲನಚಿತ್ರಗಳ ಪದ್ಧತಿ ಇದಕ್ಕೆ ತೀರ ಭಿನ್ನವಾದುದು. ಅಲ್ಲಿ ಬಡವರನ್ನು ಪೀಡಿಸುವ ಜಮೀನ್ದಾರನಿಗೆ ಕ್ರೂರವಾದ ಕಣ್ಣು, ಗಿರಿಜಾಮೀಸೆ, ಅಟ್ಟಹಾಸ. ನೋಡಿದೊಡನೆ ಇವನೇ ಖಳನೆಂದು ಮಗುವೂ ಬೆರಳಿಟ್ಟು ತೋರಿಸುತ್ತದೆ. ಕಡೆಯಲ್ಲಿ ನಾಯಕನು ಅವನನ್ನು ಥಳಿಸಿದಾಗ ಚಿತ್ರಮಂದಿರವೆಲ್ಲ ಚಪ್ಪಾಳೆಯಿಂದ ತುಂಬುತ್ತದೆ. ಅಲ್ಲಿಗೆ ಅನ್ಯಾಯವು ಸತ್ತಿತು, ಧರ್ಮವು ಗೆದ್ದಿತು, ಪ್ರೇಕ್ಷಕನು ನಿಶ್ಚಿಂತನಾಗಿ ಮನೆಗೆ ಹೋದನು. ಈ ಸಂತೋಷದಲ್ಲಿ ಅಡಗಿರುವ ಅಪಾಯವನ್ನು ತಿಳಿಯಬೇಕು. ಊರೆಲ್ಲರೂ ಹಂಚಿಕೊಂಡು ಹೊತ್ತಿರುವ ದೋಷವನ್ನು ಒಬ್ಬನ ತಲೆಯ ಮೇಲೆ ಹೊರಿಸಿ, ಅವನನ್ನು ಹೊಡೆದುಹಾಕಿ, ಉಳಿದವರೆಲ್ಲರೂ ಶುದ್ಧರಾದೆವೆಂದು ನಂಬಿಬಿಡುವುದು ಆತ್ಮವಂಚನೆ. ಖಳನಾಯಕನಷ್ಟು ಕೆಟ್ಟವನಾಗಿಲ್ಲವೆಂಬ ಒಂದೇ ಆಧಾರದಿಂದ ಪ್ರೇಕ್ಷಕನು ತಾನು ಸಜ್ಜನನೆಂದು ಎಣಿಸಿಕೊಳ್ಳುತ್ತಾನೆ. ‘ಚೋಮನ ದುಡಿ’ಯು ಈ ಸುಲಭದ ಶುದ್ಧಿಯನ್ನು ಯಾರಿಗೂ ಕೊಡುವುದಿಲ್ಲ.

ಕಾದಂಬರಿಗೂ ಚಲನಚಿತ್ರಕ್ಕೂ ಇರುವ ಭೇದವನ್ನೂ ಇಲ್ಲಿ ವಿವೇಚಿಸಬೇಕು. ಕಾದಂಬರಿಕಾರನು ಪಾತ್ರದ ಅಂತರಂಗವನ್ನು ಹೊಕ್ಕು ಅಲ್ಲಿ ನಡೆಯುವುದನ್ನು ಮಾತಿನಿಂದ ಹೇಳಬಲ್ಲನು. ಚೋಮನಿಗೆ ತನ್ನ ಸಂಕಟವನ್ನು ಹೇಳಿಕೊಳ್ಳಲು ಭಾಷೆ ಸಾಲದು. ಅವನ ಪರವಾಗಿ ಕಾದಂಬರಿಕಾರನು ನುಡಿಯುತ್ತಾನೆ. ಚಲನಚಿತ್ರದ ಯಂತ್ರಕ್ಕಾದರೋ ಅಂತರಂಗದೊಳಗೆ ನೇರವಾದ ಪ್ರವೇಶವಿಲ್ಲ. ಅದಕ್ಕೆ ಸಿಕ್ಕುವುದು ಮುಖ, ಕಣ್ಣು, ಬೆನ್ನು, ಕೈಗಳು, ಬೆಳಕು, ಧ್ವನಿ. ಆದುದರಿಂದ ಚಿತ್ರದಲ್ಲಿ ಚೋಮನ ಅಂತರಂಗವೆಲ್ಲವೂ ದುಡಿಯ ನಾದದಲ್ಲಿ ಬಂದು ಸೇರುತ್ತದೆ. ಪುಸ್ತಕವನ್ನು ಓದುವಾಗ ವಾಚಕನು ಆ ನಾದವನ್ನು ಊಹಿಸಿಕೊಳ್ಳಬೇಕು. ಚಿತ್ರದಲ್ಲಿ ಅದು ಕಿವಿಯನ್ನು ಬಂದು ಬಡಿಯುತ್ತದೆ. ಯಾವ ಅಹವಾಲನ್ನೂ ಕೇಳದ ಊರಿಗೆ ಆ ನಾದವೊಂದು ಮಾತ್ರ ಕೇಳಿಸುತ್ತದೆ. ಅದು ಕೂಡ ಕುಡಿದವನ ಗದ್ದಲವೆಂದು.

ಆದರೆ ಈ ಪ್ರತ್ಯಕ್ಷತೆಯ ಬೆನ್ನಿಗೇ ಒಂದು ತೊಡಕೂ ಇದೆ. ನಟನು ಸಮರ್ಥನಾದಷ್ಟೂ ಪ್ರೇಕ್ಷಕನ ಗಮನವು ದುಃಖದಿಂದ ಅಭಿನಯದ ಕಡೆಗೆ ಜಾರುತ್ತದೆ. ‘ಎಂಥ ಅಭಿನಯ, ಎಂಥ ಛಾಯಾಗ್ರಹಣ’ ಎಂದು ಹೊಗಳುತ್ತ ಚಿತ್ರಮಂದಿರದಿಂದ ಹೊರಬಂದವನು ಚೋಮನಿಗೆ ಸಲ್ಲಬೇಕಾದುದನ್ನು ಕಲಾವಿದನಿಗೆ ಸಲ್ಲಿಸಿ ಋಣಮುಕ್ತನಾದೆನೆಂದು ಭಾವಿಸುತ್ತಾನೆ. ಕಲಾವಿದನಿಗೆ ಮನ್ನಣೆ ಸಲ್ಲಲೇಬೇಕು. ಆ ಮನ್ನಣೆಯಲ್ಲಿ ಚೋಮನ ಋಣವು ತೀರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ; ಅದು ಹಗುರವಾದುದಲ್ಲ. ಕಾವ್ಯಕ್ಕೆ ರಸವೇ ಫಲ, ಅದರ ಮುಂದೆ ಇನ್ನೊಂದು ಫಲವನ್ನು ಕೇಳುವುದು ಅರಸಿಕತೆ ಎಂದು ಹೇಳುವವರಿದ್ದಾರೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಶೋಕವನ್ನು ಕರುಣರಸದ ಸ್ಥಾಯಿಭಾವವೆಂದನು. ಆ ಶಾಸ್ತ್ರಕ್ಕೆ ಸುಮಾರು 1000ನೆಯ ಇಸವಿಯ ಹೊತ್ತಿಗೆ ವ್ಯಾಖ್ಯಾನವನ್ನು ಬರೆದ ಕಾಶ್ಮೀರದ ಅಭಿನವಗುಪ್ತನು, ಲೋಕದ ಶೋಕವು ಬೇರೆ, ಕಾವ್ಯದ ಕರುಣವು ಬೇರೆ ಎಂದು ಸೂಕ್ಷ್ಮವಾಗಿ ನಿರೂಪಿಸಿದನು. ಲೋಕದಲ್ಲಿ ದುಃಖವು ‘ನನ್ನದು’ ‘ಅವನದು’ ಎಂಬ ಗಡಿಗಳೊಳಗೆ ಸುಡುತ್ತದೆ. ರಂಗದಲ್ಲಿ ಆ ಗಡಿಗಳು ಅಳಿದು ದುಃಖವು ಸಾಧಾರಣೀಕರಣವನ್ನು ಹೊಂದಿ ಸಹೃದಯನಿಗೆ ಆಸ್ವಾದ್ಯವಾಗುತ್ತದೆ. ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿದವನಿಗೆ ರಸವು ಒದಗುವುದಿಲ್ಲ. ರಂಗದ ಮೇಲೆ ಸೀತೆಯು ಅಳುವಾಗ ಎದ್ದು ಹೋಗಿ ಕಣ್ಣೀರನ್ನೊರೆಸಲು ಯತ್ನಿಸುವವನು ದಯಾಳುವೆನಿಸುವುದಿಲ್ಲ, ಆಟವನ್ನು ಕೆಡಿಸುವವನಾಗುತ್ತಾನೆ. ಹೀಗಿರುವಲ್ಲಿ ಪ್ರೇಕ್ಷಕನಿಂದ ಕಾರ್ಯವನ್ನು ಅಪೇಕ್ಷಿಸುವುದು ಹೇಗೆ?

ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಆಟವು ನಡೆಯುವ ಕಾಲಕ್ಕೆ ಸಂಬಂಧಿಸಿದ ಸತ್ಯ. ದೀಪಗಳು ಮತ್ತೆ ಹೊತ್ತಿಕೊಂಡು ಪ್ರೇಕ್ಷಕನು ಬೀದಿಗೆ ಬಂದ ಮೇಲೆ ಏನಾಗಬೇಕೆಂಬುದಕ್ಕೆ ಅದು ಉತ್ತರವಲ್ಲ. ಅಲಂಕಾರಿಕರೇ ಕಾವ್ಯವನ್ನು ಬರಿಯ ಆನಂದಕ್ಕೆ ಸೀಮಿತಗೊಳಿಸಲಿಲ್ಲ. ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯಪ್ರಯೋಜನಗಳನ್ನು ಎಣಿಸುವಾಗ ಒಡನೆ ಲಭಿಸುವ ಆನಂದದ ಜೊತೆಗೆ ಉಪದೇಶವನ್ನೂ ಸೇರಿಸಿದನು. ಆ ಉಪದೇಶವು ಪ್ರಭುವಿನ ಅಪ್ಪಣೆಯಂತಿರದೆ ಪ್ರಿಯೆಯ ಮಾತಿನಂತೆ ಮನಸ್ಸನ್ನು ಒಲಿಸಿಕೊಳ್ಳುವುದೆಂದನು. ಒಲಿದ ಮನಸ್ಸು ಒಲಿದಲ್ಲಿಗೇ ನಿಂತುಬಿಟ್ಟರೆ ಉಪದೇಶವೆಂಬ ಹೆಸರಿಗೆ ಅರ್ಥವೆಲ್ಲಿಯದು? ವಾಲ್ಮೀಕಿಯ ಕಥೆಯನ್ನೂ ಈ ದೃಷ್ಟಿಯಿಂದ ನೆನೆಯಬಹುದು. ಬೇಡನ ಬಾಣಕ್ಕೆ ಬಿದ್ದ ಕ್ರೌಂಚವನ್ನು ಕಂಡು ಆ ಋಷಿಯ ಶೋಕವು ಶ್ಲೋಕವಾಯಿತೆಂಬುದು ಪ್ರಸಿದ್ಧ. ಆದಿಕವಿಯು ಹಕ್ಕಿಯಿಂದ ಕಾವ್ಯಕ್ಕೆ ನಡೆದನು. ವಾಚಕನು ಕಾವ್ಯದಿಂದ ಮತ್ತೆ ಹಕ್ಕಿಯ ಬಳಿಗೆ ನಡೆಯಬೇಕು.

ಚೋಮನ ಕಿರಿಯ ಮಗನು ನೀರುಪಾಲಾಗುವ ಪ್ರಸಂಗವು ಈ ವಿಚಾರವನ್ನು ಕಣ್ಣಿಗೆ ಕಟ್ಟುವಂತೆ ಮಾಡುತ್ತದೆ. ದಡದ ಮೇಲೆ ಜನರು ನಿಂತಿದ್ದಾರೆ. ಎಳೆಯ ಜೀವವೊಂದು ಮುಳುಗುತ್ತಿದೆ. ಅದನ್ನು ನೋಡುವ ಪ್ರೇಕ್ಷಕನಿಗೆ ದಡದವರ ಮೇಲೆ ಸಿಟ್ಟು ಬರುತ್ತದೆ. ತಾನಾಗಿದ್ದರೆ ಧುಮುಕುತ್ತಿದ್ದೆನೆಂದುಕೊಳ್ಳುತ್ತಾನೆ. ಆದರೆ ಆ ಕ್ಷಣದಲ್ಲಿ ಅವನೂ ನೋಡುತ್ತ ಕುಳಿತವನೇ. ಬೆಳ್ಳಿತೆರೆಯ ನೀರಿಗೆ ಧುಮುಕುವುದು ಅಸಾಧ್ಯವಾದುದರಿಂದ ಅವನಿಗೆ ದೋಷವಿಲ್ಲ. ಆದರೆ ಚಿತ್ರಮಂದಿರದ ಹೊರಗೆ ನೀರು ನಿಜವಾದ ನೀರು, ದಡವು ನಿಜವಾದ ದಡ, ಮುಳುಗುವವನೂ ನಿಜವಾದವನು. ಅಲ್ಲಿಯೂ ಅವನು ಪ್ರೇಕ್ಷಕನಾಗಿಯೇ ಉಳಿದರೆ ದಡದ ಮೇಲೆ ನಿಂತವರಿಗೂ ಅವನಿಗೂ ಯಾವ ಭೇದವೂ ಇಲ್ಲ. ಅವರ ಕಣ್ಣು ಒಣಗಿತ್ತು, ಇವನ ಕಣ್ಣು ತೊಯ್ದಿದೆ. ಮುಳುಗುವ ಮಗುವಿಗೆ ಎರಡೂ ಒಂದೇ.

ಪ್ರತಿಮೆಗೆ ತೋರುವ ಭಾವವನ್ನು ಜೀವಕ್ಕೆ ತೋರದಿರುವ ಈ ವೈಪರೀತ್ಯವನ್ನು ಬಸವಣ್ಣನವರು ಎಂದೋ ಗುರುತಿಸಿದ್ದರು. ಶಿಲೆಯಲ್ಲಿ ಕೆತ್ತಿದ ಸರ್ಪಕ್ಕೆ ಕ್ಷೀರಾಭಿಷೇಕ, ಹೆಡೆಯೆತ್ತಿ ಬಂದ ಸರ್ಪಕ್ಕೆ ದೊಣ್ಣೆಯ ಪೆಟ್ಟು; ಉಣ್ಣಲಾರದ ವಿಗ್ರಹದ ಮುಂದೆ ನೈವೇದ್ಯ, ಹಸಿದು ಬಂದ ಮನುಷ್ಯನಿಗೆ ಬಾಗಿಲಿನಿಂದಲೇ ನಿರಾಕರಣೆ. ಈ ಅಭಿಪ್ರಾಯದ ವಚನವನ್ನು ತಿಳಿಯದ ಭಕ್ತರಿಲ್ಲ. ಅದನ್ನು ವಿಗ್ರಹಾರಾಧಕರಿಗೆ ಮಾತ್ರ ಹೇಳಿದುದೆಂದು ಭಾವಿಸಿ ಸುಮ್ಮನಿರುವವರು ಬಹಳ. ಆದರೆ ಕಾಲಕಾಲಕ್ಕೆ ವಿಗ್ರಹಗಳು ಬದಲಾಗುತ್ತವೆ. ಇಂದಿನ ಗೃಹಸ್ಥನು ಹಾಲೆರೆಯುವ ಕಲ್ಲು ಬೆಳ್ಳಿತೆರೆಯಾಗಿರಬಹುದು. ಎರೆಯುವ ಹಾಲು ಕಣ್ಣೀರಾಗಿರಬಹುದು.

ಮತ್ತೊಂದು ಆಕ್ಷೇಪವು ಇತಿಹಾಸದ ಕಡೆಯಿಂದ ಬರುತ್ತದೆ. ಚೋಮನ ಕಾಲವು ಕಳೆದುಹೋಯಿತು, ಈಗ ಅದನ್ನು ಕುರಿತು ಚಿಂತಿಸುವುದೇಕೆ ಎಂದು ಕೆಲವರು ಕೇಳುತ್ತಾರೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರಲ್ಲಿ ಅದರ ಆಚರಣೆಯನ್ನು ದಂಡಿಸುವ ಕಾಯಿದೆ ಬಂದಿತು. 1974ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯಿಂದ ಉಳುವ ಗೇಣಿದಾರರಿಗೆ ಭೂಮಿಯ ಹಕ್ಕು ದೊರೆಯುವ ದಾರಿ ತೆರೆಯಿತು. ಚಿತ್ರವು ತಯಾರಾದ 1975ರಲ್ಲಿಯೇ ಜೀತಪದ್ಧತಿಯನ್ನು ತೆಗೆದುಹಾಕುವ ಸುಗ್ರೀವಾಜ್ಞೆ ಹೊರಟು, 1976ರಲ್ಲಿ ಕಾಯಿದೆಯಾಯಿತು. ಇವು ಸಣ್ಣ ಸಾಧನೆಗಳಲ್ಲ. ಆದರೂ ಒಂದು ಅಂಶವನ್ನು ಗಮನಿಸಬೇಕು. ಭೂಸುಧಾರಣೆಯು ಮುಖ್ಯವಾಗಿ ಗೇಣಿದಾರನಿಗೆ ನೆಲವನ್ನು ಕೊಟ್ಟಿತು. ಚೋಮನಾದರೋ ಗೇಣಿದಾರನೇ ಆಗಿರಲಿಲ್ಲ. ಗೇಣಿಗೆ ಹಿಡಿಯಲು ಬೇಕಾದ ಅರ್ಹತೆಯೂ ಅವನಿಗಿಲ್ಲವೆಂಬುದೇ ಅವನ ಕಥೆ. ಇನ್ನು ಸ್ಪರ್ಶದ ವಿಷಯ. ಕಾನೂನು ಬಾವಿಯ ಬಳಿಗೆ, ಅಂಗಡಿಗೆ, ಶಾಲೆಗೆ ಹೋಗಬಲ್ಲದು. ತಪ್ಪಿದವನನ್ನು ಹಿಡಿದು ನ್ಯಾಯಸ್ಥಾನದ ಮುಂದೆ ನಿಲ್ಲಿಸಬಲ್ಲದು. ಆದರೆ ಅಡುಗೆಮನೆಯ ನಾಗಂದಿಗೆಯ ಮೇಲಿರುವ ಲೋಟಗಳನ್ನು ಎಣಿಸಲು ಅದು ಒಳಗೆ ಬಾರದು. ಅಂಗಳವನ್ನು ಗುಡಿಸುವವಳಿಗೆ ಚಹ ಕೊಡುವ ಲೋಟವು ಯಾವುದು, ಅದನ್ನು ತೊಳೆದು ಎಲ್ಲಿ ಕವುಚಿಡುತ್ತಾರೆ, ಹೊಲದ ಕೂಲಿಯವನಿಗೆ ಹಣವನ್ನು ಕೈಗೆ ಕೊಡುತ್ತಾರೆಯೋ ಮೇಲಿನಿಂದ ಬೀಳಿಸುತ್ತಾರೆಯೋ, ಅವನು ಹಬ್ಬದ ದಿನ ಉಣ್ಣುವುದು ಯಾವ ಕಡೆಯಲ್ಲಿ, ಇವನ್ನೆಲ್ಲ ಬಲ್ಲವನು ಆ ಮನೆಯ ಯಜಮಾನನು ಮಾತ್ರ. ಅಂಗಳದ ಚೋಮನು ಅವನಿಗಲ್ಲದೆ ಬೇರೆ ಯಾರಿಗೂ ಕಾಣಿಸನು.

ಇಲ್ಲಿಯವರೆಗೆ ಮರುಕವು ಕಾರ್ಯವಾಗಬೇಕೆಂದು ಹೇಳಿದಂತಾಯಿತು. ಆದರೆ ಮರುಕವನ್ನೇ ಇನ್ನೂ ಆಳವಾಗಿ ಪರೀಕ್ಷಿಸಬೇಕಾಗಿದೆ. ಮರುಕವು ಮೇಲಿನಿಂದ ಕೆಳಕ್ಕೆ ಹರಿಯುವ ವಸ್ತು. ಮರುಗುವವನು ದಡದ ಮೇಲಿದ್ದಾನೆ. ಮರುಕಕ್ಕೆ ಪಾತ್ರನಾದವನು ಕೆಳಗಿದ್ದಾನೆ. ‘ಅಯ್ಯೋ ಪಾಪ’ ಎನ್ನುವ ಮಾತಿನಲ್ಲಿ ತಾನು ಆ ಸ್ಥಿತಿಯಲ್ಲಿಲ್ಲವೆಂಬ ಸಮಾಧಾನವೂ ಗುಟ್ಟಾಗಿ ಸೇರಿರುತ್ತದೆ. ‘ಚೋಮನ ದುಡಿ’ಯನ್ನು ಕುರಿತು ತರುವಾಯದ ಕಾಲದಲ್ಲಿ ಎದ್ದ ಒಂದು ವಿಮರ್ಶೆಯೂ ಇದೇ ಬಗೆಯದು: ಚೋಮನು ನರಳುತ್ತಾನೆ, ನಾಶವಾಗುತ್ತಾನೆ, ಹೊರಗಿನವರು ಅವನನ್ನು ಕಂಡು ಕಣ್ಣೀರಿಡುತ್ತಾರೆ, ಆದರೆ ಅವನ ಕೇರಿಯ ನಗೆ, ಜಾಣ್ಮೆ, ಹಟ, ಹಬ್ಬ ಇವೆಲ್ಲ ಎಲ್ಲಿ? ಮುಂದೆ ಆ ಕೇರಿಯೊಳಗಿನಿಂದಲೇ ಲೇಖಕರು ಹುಟ್ಟಿಬಂದು ಬರೆದಾಗ ಚಿತ್ರವು ಬದಲಾಯಿತು. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನು ಕಡುಬಡವಳು, ಕಳೆದುಹೋದ ಹುಂಜವನ್ನು ಹುಡುಕುತ್ತ ಅಲೆಯುವವಳು. ಆದರೂ ಓದುಗನು ಅವಳನ್ನು ಕಂಡು ‘ಪಾಪ’ವೆನ್ನಲಾರನು. ರಾತ್ರಿಯಲ್ಲಿ ಆ ಮನೆಯವರೆಲ್ಲ ಕದ್ದು ತಂದ ಕಡಲೆಕಾಯಿಯನ್ನು ಸುತ್ತ ಕುಳಿತು ತಿನ್ನುವಾಗ ಅಲ್ಲಿ ಹಸಿವೂ ಇದೆ, ಭಯವೂ ಇದೆ, ಸಂಭ್ರಮವೂ ಇದೆ. ಸಾಕವ್ವನು ಯಾರ ದಯೆಗೂ ಕಾದು ನಿಂತವಳಲ್ಲ. ತನ್ನ ಮನೆಯ ಒಡತಿಯಾಗಿ ಓದುಗನೆದುರಿಗೆ ನಿಲ್ಲುತ್ತಾಳೆ. ಚೋಮನನ್ನು ಓದಿದವರು ಸಾಕವ್ವನನ್ನೂ ಓದಬೇಕು. ಮೊದಲನೆಯದು ಹೊರಗಿನವನ ಕಣ್ಣನ್ನು ತೆರೆಯಿಸುತ್ತದೆ. ಎರಡನೆಯದು ಆ ತೆರೆದ ಕಣ್ಣಿನಲ್ಲಿ ಉಳಿದಿರುವ ದರ್ಪವನ್ನು ತೊಳೆಯುತ್ತದೆ.

ಬಸವಣ್ಣನವರ ನಡೆಯ ಮಹತ್ತ್ವವು ಇಲ್ಲಿ ವಿಶದವಾಗುತ್ತದೆ. ಬಿಜ್ಜಳನ ಆಸ್ಥಾನದಲ್ಲಿ ಉನ್ನತಾಧಿಕಾರದಲ್ಲಿದ್ದವರು ಅವರು. ಮಾದಾರ ಚೆನ್ನಯ್ಯನವರ ಮತ್ತು ಡೋಹಾರ ಕಕ್ಕಯ್ಯನವರ ಕುಲವನ್ನು ಕಂಡು ‘ಅಯ್ಯೋ’ ಎಂದು ಮರುಗಿ, ನಾಲ್ಕು ಕಾಸನ್ನು ಕೊಟ್ಟಿದ್ದರೂ ಲೋಕವು ಅವರನ್ನು ದಯಾಳುವೆಂದು ಕೊಂಡಾಡುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಚೆನ್ನಯ್ಯನವರನ್ನು ತಮ್ಮ ತಂದೆಯ ಸ್ಥಾನದಲ್ಲಿರಿಸಿ, ಕಕ್ಕಯ್ಯನವರನ್ನು ತಮ್ಮ ಹಿರಿಯರ ಸಾಲಿನಲ್ಲಿ ಎಣಿಸಿ, ಅವರ ಮನೆಯ ಮಗನು ತಾನೆಂದು ಸಾರಿದರು. ದಯೆಯು ಕೆಳಕ್ಕೆ ಹರಿಯುವುದಾದರೆ ಭಕ್ತಿಯು ಮೇಲಕ್ಕೆ ನೋಡುವುದು. ಅವರು ನೋಟದ ದಿಕ್ಕನ್ನೇ ತಿರುಗಿಸಿದರು. ಮಗನಾದವನು ತಂದೆಗೆ ಬೇರೆಯ ಲೋಟದಲ್ಲಿ ನೀರನ್ನು ಕೊಡಲಾರನು. ಸಂಬಂಧವು ನಿಜವಾದ ಮೇಲೆ ಮಿಕ್ಕ ಆಚಾರಗಳು ತಾವಾಗಿಯೇ ನೆಟ್ಟಗಾಗುತ್ತವೆ.

ಈ ಮಾತನ್ನು ಕೇಳಿ ಹೆಮ್ಮೆಪಡುವುದಕ್ಕೆ ಮುಂಚೆ ಭಕ್ತರು ತಮ್ಮನ್ನೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕಲ್ಯಾಣದ ಕಥೆಯನ್ನು ಆಡುವ ನಾಟಕಗಳಲ್ಲಿ, ಗಿರೀಶ ಕಾರ್ನಾಡರ ‘ತಲೆದಂಡ’ (1990) ಮೊದಲಾದವುಗಳಲ್ಲಿ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ನಡೆದ ವಿವಾಹದ ಪ್ರಸಂಗವಿದೆ. ಆ ವಿವಾಹಕ್ಕಾಗಿ ತಂದೆಗಳಿಬ್ಬರೂ ಘೋರವಾದ ದಂಡನೆಗೆ ಗುರಿಯಾದರೆಂದು ಸಂಪ್ರದಾಯವು ಹೇಳುತ್ತದೆ. ರಂಗದ ಮೇಲೆ ಆ ದೃಶ್ಯವು ಬಂದಾಗ ಭಕ್ತವೃಂದವು ಕಣ್ಣೀರಿಡುತ್ತದೆ. ಅದೇ ಸಭೆಯಲ್ಲಿ ಕುಳಿತವರು ಮರುದಿನ ತಮ್ಮ ಮಗಳಿಗೆ ವರನನ್ನು ನೋಡುವಾಗ ಏನನ್ನು ಕೇಳುತ್ತಾರೆ? ಲಿಂಗವಂತರೊಳಗೇ ಯಾವ ಒಳಪಂಗಡವೆಂದು ಮೊದಲು ಕೇಳುವ ಮನೆಗಳು ಎಷ್ಟಿಲ್ಲ? ಹರಳಯ್ಯನವರ ಮಗನು ರಂಗದಿಂದಿಳಿದು ಮನೆಯ ಬಾಗಿಲಿಗೆ ವರನಾಗಿ ಬಂದರೆ ಒಳಗೆ ಕರೆಯುವವರು ಎಷ್ಟು ಮಂದಿ? ಈ ಪ್ರಶ್ನೆಗೆ ಉತ್ತರವನ್ನು ಪತ್ರಿಕೆಯಲ್ಲಿ ಬರೆಯಬೇಕಾದುದಿಲ್ಲ. ಲಿಂಗಪೂಜೆಗೆ ಕುಳಿತಾಗ ಪ್ರತಿಯೊಬ್ಬನೂ ತನಗೆ ತಾನೇ ಹೇಳಿಕೊಂಡರೆ ಸಾಕು. ಅನ್ಯರ ಅಗ್ರಹಾರದ ದೋಷವನ್ನು ಕಾದಂಬರಿಯಲ್ಲಿ ಓದಿ ತಲೆದೂಗುವುದು ಸುಲಭ. ತನ್ನ ಓಣಿಯ ದೋಷವನ್ನು ಅದೇ ಕಾದಂಬರಿಯಲ್ಲಿ ಓದಿಕೊಳ್ಳುವುದು ಸಾಧನೆಯ ಮಾತು.

ಹಾಗಾದರೆ ಕಾದಂಬರಿಗಳನ್ನೂ ಚಲನಚಿತ್ರಗಳನ್ನೂ ಬಿಟ್ಟುಬಿಡಬೇಕೆ? ಬಿಡಬೇಕಾಗಿಲ್ಲ. ಅವುಗಳನ್ನು ದೂಷಿಸಿ ದೂರವಿಡುವುದರಿಂದ ದಯೆ ಹೆಚ್ಚುವುದಿಲ್ಲ. ಕಲ್ಪನೆಯು ಕುಗ್ಗಿ, ಪರರ ನೋವನ್ನು ಊಹಿಸುವ ಶಕ್ತಿಯೂ ಕ್ಷೀಣಿಸುತ್ತದೆ. ಚೋಮನ ಕೇರಿಗೆ ಎಂದೂ ಕಾಲಿಡದವನು ಪುಸ್ತಕದ ಮೂಲಕವಾದರೂ ಅಲ್ಲಿಗೆ ಹೋಗಿಬರುವುದು ಒಳ್ಳೆಯದೇ. ಆದರೆ ಹೇಗೆ ಓದಬೇಕು, ಹೇಗೆ ನೋಡಬೇಕೆಂಬ ವಿವೇಕವು ಬೇಕು. ಮನೆಯವರೆಲ್ಲ ಕೂಡಿ ಒಂದು ಚಿತ್ರವನ್ನು ನೋಡಿ ಮುಗಿಸಿದ ಮೇಲೆ, ಹಿರಿಯರು ಮಕ್ಕಳೊಡನೆ ಕುಳಿತು ಮೂರು ಪ್ರಶ್ನೆಗಳನ್ನು ಮಾತನಾಡಿಕೊಳ್ಳಬಹುದು. ಈ ಕಥೆಯಲ್ಲಿ ದೋಷವನ್ನು ಯಾರ ಮೇಲೆ ಹೊರಿಸಿದ್ದಾರೆ? ಒಬ್ಬ ದುಷ್ಟನ ಮೇಲೋ, ಎಲ್ಲರೂ ಪಾಲುಗೊಂಡ ರೂಢಿಯ ಮೇಲೋ? ಇದು ಮೊದಲನೆಯದು. ನೊಂದವನನ್ನು ಒಳಗಿನಿಂದ ತೋರಿಸಿದ್ದಾರೆಯೋ, ಬರಿಯ ಕರುಣೆಗೆ ಪಾತ್ರನನ್ನಾಗಿ ಹೊರಗಿನಿಂದ ತೋರಿಸಿದ್ದಾರೆಯೋ? ಅವನಿಗೆ ನಗೆ, ಕೋಪ, ಆಸೆ, ಮಾತು ಇವೆ ತಾನೆ? ಇದು ಎರಡನೆಯದು. ಈ ಕಥೆಯವನಂತೆ ಬದುಕುತ್ತಿರುವವರು ಈ ಮನೆಯ ಸುತ್ತ ಯಾರಿದ್ದಾರೆ? ಇದು ಮೂರನೆಯದು. ಮೊದಲಿನ ಎರಡು ಪ್ರಶ್ನೆಗಳು ಕೃತಿಯ ಪರೀಕ್ಷೆ. ಮೂರನೆಯದು ಪ್ರೇಕ್ಷಕನ ಪರೀಕ್ಷೆ. ಮಕ್ಕಳು ಮೂರನೆಯ ಪ್ರಶ್ನೆಗೆ ಬೇಗ ಉತ್ತರ ಕೊಡುತ್ತಾರೆ. ದಿನವೂ ಬಾಗಿಲಲ್ಲಿ ನಿಲ್ಲುವವರನ್ನು ಅವರು ಹೆಸರು ಹಿಡಿದು ಹೇಳಿಬಿಡುತ್ತಾರೆ. ಆಗ ಹಿರಿಯರು ಮಾತನ್ನು ತಿರುಗಿಸಬಾರದು.

ಶರಣರು ಅನುಭಾವವನ್ನು ಆಚಾರದಿಂದ ಬೇರ್ಪಡಿಸಲಿಲ್ಲ. ಒಳಗೆ ಕಂಡುದು ಹೊರಗೆ ನಡೆಯಾಗಿ ಕಾಣದಿದ್ದರೆ ಅದನ್ನು ಕಾಣ್ಕೆಯೆಂದು ಅವರು ಒಪ್ಪುತ್ತಿರಲಿಲ್ಲ. ಕಾಯಕವು ಸಾಧನೆಯಾದುದೂ, ದಾಸೋಹವು ಪೂಜೆಯಷ್ಟೇ ಹಿರಿದಾದುದೂ ಈ ಕಾರಣದಿಂದಲೇ. ಚೋಮನು ಬೇಡಿದುದು ಭಿಕ್ಷೆಯನ್ನಲ್ಲ ಎಂಬುದನ್ನು ಭಕ್ತರು ವಿಶೇಷವಾಗಿ ನೆನೆಯಬೇಕು. ಉಳುವ ಕಾಯಕವೊಂದನ್ನೇ ಅವನು ಬೇಡಿದನು. ದುಡಿಯಲು ಕೈಗಳಿದ್ದವನಿಗೆ ಕಾಯಕವನ್ನು ನಿರಾಕರಿಸಿದ ಊರು ಎಷ್ಟು ದೇವಸ್ಥಾನಗಳನ್ನು ಕಟ್ಟಿದರೂ ಅದರ ಲೆಕ್ಕವು ಸರಿಹೋಗುವುದಿಲ್ಲ.

ಆದಕಾರಣ ಮುಂದೆ ಯಾವ ಗೃಹಸ್ಥನಾದರೂ ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡು ಮನೆಗೆ ಬಂದಾಗ, ನಾಗಂದಿಗೆಯ ಮೇಲೆ ಬೇರೆಯಾಗಿ ಕವುಚಿಟ್ಟ ಲೋಟವಿದ್ದರೆ ಅದನ್ನು ಮನೆಯ ಲೋಟಗಳ ಸಾಲಿಗೆ ಸೇರಿಸಲಿ. ಮರುದಿನ ಮುಂಜಾನೆ ಅಂಗಳಕ್ಕೆ ಬಂದವರನ್ನು ಅಕ್ಕನೆಂದೋ ಅಣ್ಣನೆಂದೋ ಕರೆದು, ಜಗುಲಿಯ ಮೇಲೆ ಕುಳ್ಳಿರಿಸಿ, ತಾನು ಕುಡಿಯುವ ಲೋಟದಲ್ಲಿಯೇ ನೀರನ್ನು ಕೊಡಲಿ.